ರೌಟರಿನ ಮೂರನೆಯ ದೀಪ

ಸೋಮವಾರ, ಮಾರ್ಚ್ ೪

ಮೈದುನನ ಈ ಕಂಪ್ಯೂಟರನ್ನು ಎತ್ತಿ ಕಿಟಕಿಯಾಚೆ ಎಸೆಯದೆ ಸುಮ್ಮನೆ ಕೂತಿದ್ದೇನಲ್ಲ, ಅದಕ್ಕೇ ನನಗೊಂದು ಪದಕ ಕೊಡಬೇಕು. ಪಿತ್ತ ನೆತ್ತಿಗೇರಿದೆ. ವಕೀಲರ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದಾಗ ದೊಡ್ಡ ವಕೀಲರು ಹೇಳುತ್ತಿದ್ದರು, ಸಿಟ್ಟು ಬಂದಾಗ ನಡೆದದ್ದನ್ನು ನಡೆದ ಹಾಗೆ ಬರೆದುಬಿಡಬೇಕು, ಬರೆದು ಮುಗಿಸುವಷ್ಟರಲ್ಲಿ ಅರ್ಧ ಇಳಿದಿರುತ್ತದೆ ಎಂದು. ಬರೆದು ನೋಡುತ್ತೇನೆ.

ಇವತ್ತು ನನ್ನ ಪರೀಕ್ಷೆ ಇತ್ತು. ಭಾಷಣವೋ ಪಾಠವೋ ನೇರಪ್ರಸಾರವಾಗುವಾಗ, ಕಿವಿ ಕೇಳಿಸದವರು ಓದಿಕೊಳ್ಳಲಿ ಎಂದು ತೆರೆಯ ಕೆಳಗೆ ಸಾಲು ಸಾಲಾಗಿ ಬರಹ ಬರುತ್ತದಲ್ಲ, ಅದನ್ನು ಮನೆಯಲ್ಲೇ ಕೂತು ಟೈಪ್ ಮಾಡುವ ಕೆಲಸ. ಮಾತಾಡುವವರು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಅವರ ಮಾತು ತೆರೆಯ ಮೇಲಿರಬೇಕು. ಮಗಳು ಹಾಸ್ಟೆಲ್ ಸೇರಿದ ಮೇಲೆ ಮನೆ ಬಣಬಣ ಅನ್ನಿಸಿ, ರೇಡಿಯೋ ವಾರ್ತೆ ಹಾಕಿಕೊಂಡು ಮತ್ತೆ ಟೈಪಿಂಗ್ ರೂಢಿ ಮಾಡಿಕೊಂಡೆ. ನಾನು ಮರೆತಿದ್ದೆ, ಬೆರಳು ಮರೆತಿರಲಿಲ್ಲ.

ಕಂಪನಿಯವರದು ಒಂದೇ ಷರತ್ತು. ವೈ-ಫೈ ನಡೆಯುವುದಿಲ್ಲ, ಕಂಪ್ಯೂಟರಿಗೆ ವೈರು ಹಾಕಿಯೇ ನೆಟ್ ಬರಬೇಕು. ವೈರಾದರೆ ನಡುವೆ ಕಡಿಯುವುದಿಲ್ಲವಂತೆ. ಕೇಳಿ ನಗು ಬರುತ್ತದೆ ಈಗ. ಮೈದುನ ಬೇರೆ ಮನೆ ಮಾಡಿದಾಗ ಬಿಟ್ಟುಹೋದ ಕಂಪ್ಯೂಟರ್ ಚಿಕ್ಕ ಕೋಣೆಯಲ್ಲಿತ್ತು. ಹಾಲಿನ ರೌಟರಿನಿಂದ ಅಲ್ಲಿಗೆ ವೈರೂ ಇತ್ತು. ಎಲ್ಲ ಅನುಕೂಲ ಅಂದುಕೊಂಡೆ. ಪರೀಕ್ಷೆ ಅರ್ಧ ಮುಗಿದಿತ್ತು. ಬೆರಳು ನೀರಿನ ಹಾಗೆ ಓಡುತ್ತಿತ್ತು. ಇದ್ದಕ್ಕಿದ್ದಂತೆ ಮಾತಾಡುತ್ತಿದ್ದ ಮನುಷ್ಯ ಬಾಯಿ ತೆರೆದುಕೊಂಡು ಹಾಗೇ ನಿಂತ. ಮೂಲೆಯಲ್ಲಿ ಹಳದಿ ಗುರುತು. ನೆಟ್ ಇಲ್ಲ.

“ಅತ್ತೇ, ಹಾಲಿನಲ್ಲಿ ಕರೆಂಟ್ ಇದೆಯಾ ನೋಡಿ!” ಎಂದು ಕಿರುಚಿದೆ. ಪಕ್ಕದ ಕೋಣೆಯಿಂದ ಉತ್ತರವಿಲ್ಲ. ಮಧ್ಯಾಹ್ನವಾದರೆ ಬಾಗಿಲು ಹಾಕಿಕೊಂಡು ಮಲಗಿಬಿಡುತ್ತಾರೆ. ಈಚೆಗೆ ಅವರ ಬಿಗುಮಾನವೂ ಹೆಚ್ಚಾಗಿದೆ. ಹಿಂದಿನಿಂದ ಕರೆದರಂತೂ ತಿರುಗಿ ನೋಡುವುದೇ ಇಲ್ಲ. ಸೊಸೆಯ ಮಾತು ಅಂದರೆ ಅಷ್ಟು ಹಗುರ.

ಆಮೇಲೆ ಕಂಪನಿಯ ಮೇಲ್ವಿಚಾರಕಿಯ ಫೋನ್ ಬಂತು. “ನಿಮ್ಮ ಕೈ ಚೆನ್ನಾಗಿದೆ, ಲೈನ್ ಚೆನ್ನಾಗಿಲ್ಲ. ಹದಿನಾರನೇ ತಾರೀಕು ಶನಿವಾರ ಇನ್ನೊಂದು ಸಲ ಕೊಡ್ತೀನಿ. ಅವತ್ತು ನಿಜವಾದ ಕಾರ್ಯಕ್ರಮನೇ. ಆಗಲೂ ಹೀಗೆ ಕೈಕೊಟ್ರೆ ನಾನು ಬೇರೆಯವರನ್ನ ನೋಡ್ಕೋಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ” ಎಂದಳು.

ಬೇಜಾರು ಮಾಡಿಕೊಂಡಿದ್ದೇನೆ. ಈ ಕೆಲಸ ನನಗೆ ಬೇಕೇಬೇಕು. ನನಗೆ ಒಂದು ವಿದ್ಯೆ ಚೆನ್ನಾಗಿ ಬರುತ್ತದೆ, ಅದನ್ನು ಈ ಮನೆಯಲ್ಲಿ ಯಾರೂ ಕಣ್ಣಾರೆ ನೋಡಿಲ್ಲ.

ಬರೆದರೂ ಸಿಟ್ಟು ಇಳಿಯಲಿಲ್ಲ. ದೊಡ್ಡ ವಕೀಲರ ಮನೆಯಲ್ಲಿ ಈ ಕಂಪ್ಯೂಟರ್ ಇರಲಿಲ್ಲ, ಅದಕ್ಕೇ ಹಾಗೆ ಹೇಳುತ್ತಿದ್ದರು.

ಮಂಗಳವಾರ, ಮಾರ್ಚ್ ೫

ಯಜಮಾನರು ಬಸ್ ಡ್ರೈವರ್. ಲೋಕದಲ್ಲಿ ಯಾವ ಯಂತ್ರ ಕೆಟ್ಟರೂ ಅವರಿಗೆ ಗೊತ್ತಿರುವ ಕಾರಣ ಒಂದೇ.

“ಬಿಸಿಯಾಗಿದೆ ಕಣೇ. ಆರಿಸಿ ಬಿಡು. ಚಹಾ ಕುಡಿದು ಬಂದು ಆನ್ ಮಾಡು.”

“ರೀ, ಅದು ಎಂಜಿನ್ ಅಲ್ಲ.”

“ಒಳಗೆ ಫ್ಯಾನ್ ಇದೆಯಲ್ಲ? ಫ್ಯಾನ್ ಇದ್ದದ್ದೆಲ್ಲ ಎಂಜಿನ್ನೇ.”

ಆರಿಸಿದೆ. ಅವರು ನಿಧಾನವಾಗಿ ಚಹಾ ಕುಡಿದರು, ಅತ್ತೆಯೂ ಕೋಣೆಯಿಂದ ಎದ್ದು ಬಂದು ಒಂದು ಲೋಟ ಕುಡಿದರು. ಮತ್ತೆ ಹಾಕಿದರೆ ನೆಟ್ ಬಂದೇಬಿಟ್ಟಿತು! ಇವರು ಮೀಸೆಯ ಮೇಲೆ ಕೈಯಾಡಿಸಿ, ಸಮವಸ್ತ್ರ ತೊಟ್ಟು, ಗೆದ್ದವರ ಹಾಗೆ ಡ್ಯೂಟಿಗೆ ಹೊರಟರು. ಅವರು ಬೀದಿಯ ತಿರುವು ದಾಟಿದರೋ ಇಲ್ಲವೋ, ನೆಟ್ ಹೋಯಿತು. ಮೇಜಿನ ಫ್ಯಾನ್ ತಂದು ಕಂಪ್ಯೂಟರಿನ ಬೆನ್ನಿಗೆ ಗಾಳಿ ಹಾಕಿದೆ. ಅದಕ್ಕೆ ಸುಖವಾಯಿತೇನೋ, ನೆಟ್ ಬರಲಿಲ್ಲ.

ಬುಧವಾರ, ಮಾರ್ಚ್ ೬

ಇವತ್ತು ಮಧ್ಯಾಹ್ನ ಮೈದುನ ಬಂದಿದ್ದ. ಸ್ನಾನದ ಮನೆಯ ಟೈಲ್ಸ್ ಮಾರುವ ಅಂಗಡಿ ಅವನದು. ಆದರೂ ವಂಶದಲ್ಲಿ ಮೊದಲು ಕಂಪ್ಯೂಟರ್ ಕೊಂಡವನು ಅವನಾದ್ದರಿಂದ ನೆಂಟರಿಷ್ಟರೆಲ್ಲ ಅವನನ್ನು ಎಂಜಿನಿಯರ್ ಎಂದೇ ಕರೆಯುತ್ತಾರೆ. ಬಂದವನೇ ಕುರ್ಚಿ ಎಳೆದುಕೊಂಡು ಕೂತ. ಚಿಕ್ಕ ಮಗನ ಮುಖ ಕಂಡದ್ದೇ ತಡ, ಅತ್ತೆ ಕೋಣೆಯಿಂದ ಎದ್ದು ಬಂದು ಪಕ್ಕದಲ್ಲೇ ಕೂತರು.

“ಟಿವಿ ಹೇಗಿದೆ ಅಮ್ಮ? ದಿನಾ ನೋಡ್ತೀಯಾ?” ಎಂದು ಕೀಲಿಮಣೆ ಕುಟ್ಟುತ್ತಲೇ ಕೇಳಿದ. ಹುಟ್ಟುಹಬ್ಬಕ್ಕೆ ಅವನೇ ತಂದು, ವೈರು ಎಳೆದು, ಅತ್ತೆಯ ಕೋಣೆಯ ಗೋಡೆಗೆ ಹಾಕಿಕೊಟ್ಟ ಟಿವಿ. ಅತ್ತೆ ಅವನ ತಲೆ ಸವರಿ ನಕ್ಕರು, ಅಷ್ಟೆ. ಅದರ ಸದ್ದು ಒಂದು ದಿನವೂ ನಾನು ಕೇಳಿಲ್ಲ. ಗೋಡೆಗೆ ಅಲಂಕಾರವಾಗಿ ಇದೆ ಅಂತ ಹೇಳಿ ಅವನ ಮನಸ್ಸು ಯಾಕೆ ನೋಯಿಸಲಿ ಎಂದು ಸುಮ್ಮನಿದ್ದೆ.

ಒಂದೆರಡು ಗುಂಡಿ ಒತ್ತಿ, ವೈರು ಕಿತ್ತು ಸಿಕ್ಕಿಸಿ, “ಆಯ್ತು ನೋಡಿ ಅತ್ತಿಗೆ” ಎಂದ. ನಿಜವಾಗಿಯೂ ಆಗಿತ್ತು. ಅವನು ಇದ್ದಷ್ಟು ಹೊತ್ತೂ ನೆಟ್ ಬಂಡೆಯ ಹಾಗೆ ನಿಂತಿತ್ತು.

“ಏನಾಗಿತ್ತಪ್ಪ?”

“ಅದೆಲ್ಲ ಟೆಕ್ನಿಕಲ್, ನಿಮಗೆ ಗೊತ್ತಾಗಲ್ಲ. ಸುಮ್ನೆ ಏನನ್ನೂ ಮುಟ್ಟಬೇಡಿ. ಆಗಾಗ ಏನೋ ಸೂಚನೆ ಬರ್ತಿತ್ತು, ತಲೆ ತಿನ್ನುತ್ತೆ ಅಂತ ಅದನ್ನ ಟಿವಿ ಹಾಕಿಕೊಟ್ಟ ವಾರವೇ ಬಂದ್ ಮಾಡಿದ್ದೆ. ನಿಮಗೆ ತೊಂದರೆನೇ ಇಲ್ಲ.”

ಅವನು ಹೋದ ಮೇಲೆ ಅತ್ತೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಇಲ್ಲಿ ಬಂದು ಕೂತೆ. ನೆಟ್ ಹೋಯಿತು. ನನ್ನನ್ನು ಕಂಡರೆ ಈ ಕಂಪ್ಯೂಟರಿಗೆ ಆಗುವುದಿಲ್ಲ. ಗಂಡಸರು ಬಂದು ಗದರಿದರೆ ಕೇಳುತ್ತದೆ, ನಾನು ಬೇಡಿಕೊಂಡರೂ ಕೇಳುವುದಿಲ್ಲ. ನನಗೇ ಬುದ್ಧಿಯಿಲ್ಲವೇನೋ. ಇರಬಹುದು.

ಶುಕ್ರವಾರ, ಮಾರ್ಚ್ ೮

ಹೊಸ ವೈರು ತಂದೆ. ಹಳೆಯದನ್ನು ಗೋಡೆಯಂಚಿನಿಂದ ಬಿಡಿಸಿ, ಕಪಾಟಿನ ಹಿಂದೆ ನುಸುಳಿ, ಜೇಡರಬಲೆಯನ್ನೆಲ್ಲ ತಲೆಗೆ ಮೆತ್ತಿಕೊಂಡು ಹೊರಬಂದಾಗ ಹಳೆಯ ವೈರಿನ ತುದಿಯ ಕ್ಲಿಪ್ಪು ಮುರಿದಿರುವುದು ಕಂಡಿತು. ಸಣ್ಣ ಪ್ಲಾಸ್ಟಿಕ್ ನಾಲಗೆ. ಅದು ಟಕ್ ಎಂದು ಕೂರದಿದ್ದರೆ ವೈರು ಸಡಿಲ. ಕಳ್ಳ ಸಿಕ್ಕಿದ ಎಂದು ಒಬ್ಬಳೇ ಚಪ್ಪಾಳೆ ಹೊಡೆದೆ. ಹೊಸದನ್ನು ಸಿಕ್ಕಿಸಿದಾಗ ಟಕ್ ಅಂದ ಸದ್ದು ಎಷ್ಟು ಹಿತವಾಗಿತ್ತು! ಬೆಳಗ್ಗೆಯೆಲ್ಲ ನೆಟ್ ನಿಂತಿತ್ತು.

ಊಟವಾಗಿ ಸ್ವಲ್ಪ ಹೊತ್ತಿಗೆ ಹೋಯಿತು.

ಶನಿವಾರ, ಮಾರ್ಚ್ ೯

ಹಾಳಾಗಿ ಹೋಗಲಿ.

ಭಾನುವಾರ, ಮಾರ್ಚ್ ೧೦

ಇವತ್ತು ಬೆಳಗಿನಿಂದ ಸಂಜೆಯವರೆಗೆ ಒಂದು ಸಲವೂ ಕಡಿಯಲಿಲ್ಲ. ರಜೆಯ ದಿನ, ಯಜಮಾನರು ಮನೆಯಲ್ಲಿ. ಅತ್ತೆ ಹಾಲಿನಲ್ಲಿ ಕೂತು ಸ್ವೆಟರ್ ಹೆಣೆಯುತ್ತಿದ್ದರು. ಇವರು “ನೋಡಿದ್ಯಾ, ಚಳಿ ಇದೆ ಇವತ್ತು, ಅದಕ್ಕೇ ಬಿಸಿಯಾಗಿಲ್ಲ” ಎಂದು ಬೀಗಿದರು. ನಾನು ಮುಖ ಊದಿಸಿಕೊಂಡು ಕೂತೆ. ಕೆಟ್ಟರೆ ಸಂಕಟ, ಕೆಡದಿದ್ದರೆ ಇನ್ನೂ ಸಂಕಟ.

ಪಾತ್ರೆ ತೊಳೆಯುತ್ತ ಯೋಚಿಸಿದೆ. ಈ ವಾರವೆಲ್ಲ ನಾನು ಮಾಡಿದ್ದೇನು? ಯಾರ್‍ಯಾರೋ ಹೇಳಿದ್ದನ್ನು, ನಾನೇ ಅಂದುಕೊಂಡದ್ದನ್ನು ನಂಬಿದ್ದು. ಬಿಸಿಯಂತೆ, ಟೆಕ್ನಿಕಲ್ಲಂತೆ, ವೈರಂತೆ. ವಕೀಲರ ಕಚೇರಿಯಲ್ಲಿ ಸಾಕ್ಷಿಯ ಹೇಳಿಕೆ ಟೈಪ್ ಮಾಡುವಾಗ ಒಂದೇ ನಿಯಮವಿತ್ತು. ಸಾಕ್ಷಿ ಕಂಡದ್ದನ್ನು ಮಾತ್ರ ಬರೆಯಬೇಕು, ಅಂದುಕೊಂಡದ್ದನ್ನು ಬರೆಯಬಾರದು. ‘ಅವನು ಕುಡಿದಿದ್ದ’ ಅಂತ ಸಾಕ್ಷಿ ಹೇಳಿದರೆ ದೊಡ್ಡ ವಕೀಲರು ಕೈ ಎತ್ತಿ ತಡೆಯುತ್ತಿದ್ದರು. ‘ನೀನು ಕಂಡದ್ದೇನು? ತೂರಾಡ್ತಿದ್ನಾ? ಹಾಗೆ ಹೇಳು.’

ಸರಿ, ನಾನು ಕಂಡದ್ದೇನು? ನೆಟ್ ಹೋದಾಗಲೂ ಕಂಪ್ಯೂಟರಿನ ಬೆನ್ನಿಗೆ, ವೈರು ಸಿಕ್ಕಿಸುವ ಕಡೆ, ಹಸಿರು ದೀಪ ಉರಿಯುತ್ತಲೇ ಇರುತ್ತದೆ. ಅಂದರೆ ವೈರು ಕಡಿದಿಲ್ಲ. ದಾರಿ ಇದೆ, ಕಾಗದ ಮಾತ್ರ ತಲುಪುತ್ತಿಲ್ಲ. ಇಷ್ಟು ದಿನ ಇದನ್ನು ನೋಡಿಯೂ ನೋಡಿರಲಿಲ್ಲ.

ನಾಳೆಯಿಂದ ಒಂದೊಂದನ್ನೇ ಕಟಕಟೆಗೆ ಕರೆಯುತ್ತೇನೆ. ಒಂದು ಸಲಕ್ಕೆ ಒಂದೇ ಬದಲಾವಣೆ.

ಸೋಮವಾರ, ಮಾರ್ಚ್ ೧೧

ಬರೆಯುವುದು ಬೇಕಾದಷ್ಟಿದೆ. ನಿಧಾನವಾಗಿ ಬರೆಯುತ್ತೇನೆ.

ಮೊದಲ ಸಾಕ್ಷಿ, ಉದ್ದದ ವೈರು. ಅದನ್ನು ಪೂರ್ತಿ ಪಕ್ಕಕ್ಕಿಟ್ಟೆ. ಕಂಪ್ಯೂಟರನ್ನೇ ಹಾಲಿಗೆ ಹೊತ್ತು ತಂದು, ಚಪ್ಪಲಿ ಗೂಡಿನ ಪಕ್ಕ ಸ್ಟೂಲಿನ ಮೇಲಿಟ್ಟು, ಮೊಳದುದ್ದದ ವೈರಿನಿಂದ ನೇರವಾಗಿ ರೌಟರಿಗೆ ಸಿಕ್ಕಿಸಿದೆ. ಇಷ್ಟಾದ ಮೇಲೂ ನೆಟ್ ಹೋದರೆ ಗೋಡೆ, ಕಪಾಟು, ಉದ್ದದ ವೈರು ಎಲ್ಲ ನಿರಪರಾಧಿಗಳು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ರೇಡಿಯೋ ವಾರ್ತೆ ಟೈಪ್ ಮಾಡತೊಡಗಿದೆ.

ರೌಟರಿನ ಮುಖ ಇಷ್ಟು ಹತ್ತಿರದಿಂದ ನಾನು ಎಂದೂ ನೋಡಿರಲಿಲ್ಲ. ಸಣ್ಣ ಸಣ್ಣ ದೀಪಗಳ ಸಾಲು. ಒಂದನೆಯದು ಹೊರಗಿನ ಲೈನು. ಎರಡನೆಯದು ನನ್ನ ವೈರು. ನಾನು ಕಿತ್ತರೆ ಆರುತ್ತದೆ, ಸಿಕ್ಕಿಸಿದರೆ ಹತ್ತುತ್ತದೆ. ಮೂರನೆಯದು ಕಪ್ಪಗಿತ್ತು. ಮಧ್ಯಾಹ್ನ ಅತ್ತೆ ಊಟ ಮುಗಿಸಿ ಎಂದಿನಂತೆ ಕೋಣೆಗೆ ಹೋದರು. ಸ್ವಲ್ಪ ಹೊತ್ತಿಗೆ ಆ ಮೂರನೆಯ ದೀಪ ಕಣ್ಣು ಬಿಟ್ಟಿತು. ಮಿಟುಕಿತು. ನಾನು ಇನ್ನೂ ಅದನ್ನು ನೋಡುತ್ತಿರುವಾಗಲೇ ನನ್ನ ನೆಟ್ ಹೋಯಿತು.

ರೌಟರಿನ ಹಿಂದೆ ಕೈಹಾಕಿ ಆ ವೈರನ್ನು ಹಿಡಿದುಕೊಂಡೆ. ಬೆರಳಲ್ಲಿ ಸವರುತ್ತಾ ಅದರ ಹಿಂದೆಯೇ ಹೋದೆ, ಮಂಡಿಯೂರಿಕೊಂಡು. ಚಪ್ಪಲಿ ಗೂಡಿನ ಹಿಂದೆ, ಗೋಡೆಯಂಚಿಗೆ, ನೀರಿನ ಫಿಲ್ಟರಿನ ಕೆಳಗೆ, ಅತ್ತೆಯ ಕೋಣೆಯ ಬಾಗಿಲಿನ ಸಂದಿಗೆ. ಮಲಗಿದವರನ್ನು ಎಬ್ಬಿಸುವುದು ಬೇಡ ಎಂದು ಮೆಲ್ಲಗೆ ಬಾಗಿಲು ತಳ್ಳಿದೆ.

ಅತ್ತೆ ಮಲಗಿರಲಿಲ್ಲ. ಕುರ್ಚಿಯಲ್ಲಿ ನೆಟ್ಟಗೆ ಕೂತು ಟಿವಿ ನೋಡುತ್ತಿದ್ದರು. ತೆರೆಯ ಮೇಲೆ ಇಬ್ಬರು ಹೆಂಗಸರು ಕೈ ಕೈ ಆಡಿಸಿ ಜಗಳವಾಡುತ್ತಿದ್ದರು, ಒಬ್ಬ ಗಂಡಸು ತಲೆ ಹಿಡಿದು ಕೂತಿದ್ದ. ಒಂದು ಚೂರೂ ಸದ್ದಿಲ್ಲ.

“ಅತ್ತೆ, ಸೌಂಡ್ ಯಾಕೆ ಇಟ್ಟಿಲ್ಲ?” ಎಂದೆ. ಅವರು ತಿರುಗಲಿಲ್ಲ. “ಅತ್ತೆ!” ಎಂದೆ, ಗಟ್ಟಿಯಾಗಿಯೇ. ತಿರುಗಲಿಲ್ಲ. ನಾನು ಅವರ ಬೆನ್ನ ಹಿಂದೆ ಕೈಯಳತೆಯಲ್ಲಿ ನಿಂತಿದ್ದೆ.

ಆಗ ನನಗೆ ತಿಳಿಯಿತು. ಎಲ್ಲವೂ ಒಟ್ಟಿಗೆ ತಿಳಿಯಿತು. ಬಿಗುಮಾನವೂ ಇಲ್ಲ, ಏನೂ ಇಲ್ಲ.

ಮುಂದೆ ಹೋಗಿ ಮುಖ ಕಾಣುವ ಹಾಗೆ ಕೂತೆ. ಸಕ್ಕರೆ ಡಬ್ಬಕ್ಕೆ ಕೈಹಾಕಿ ಸಿಕ್ಕಿಬಿದ್ದ ಮಗುವಿನ ಹಾಗೆ ಬೆಚ್ಚಿದರು. “ನಿನ್ನ ಕೆಲಸಕ್ಕೆ ತೊಂದರೆ ಆಗಬಾರ್ದು ಅಂತ ಸೌಂಡ್ ಇಟ್ಟಿಲ್ಲ” ಎಂದರು. ಅವರು ಸೆರಗಿನ ಅಂಚು ತಿರುವತೊಡಗಿದರು.

“ಯಾವಾಗಿಂದ ಅತ್ತೆ?”

“ಆಗಿದೆ ಸುಮಾರು ದಿನ. ಎದುರಿಗೆ ಕೂತು ಮಾತಾಡಿದ್ರೆ ತುಟಿ ನೋಡಿ ಹೊಂದಿಸ್ಕೋತೀನಿ. ಎಲ್ಲರೂ ಒಟ್ಟಿಗೆ ಮಾತಾಡಿದ್ರೆ ಏನೂ ಗೊತ್ತಾಗಲ್ಲ, ನೀವೆಲ್ಲ ನಗುವಾಗ ನಾನೂ ನಕ್ಕುಬಿಡ್ತೀನಿ.” ಆಮೇಲೆ, “ನಿನ್ನ ಗಂಡನಿಗೆ ಹೇಳ್ಬೇಡ. ಕಿವುಡಿ ಅನ್ನಿಸ್ಕೊಳ್ಳೋಕೆ ನನಗೆ ಇಷ್ಟ ಇಲ್ಲ” ಎಂದರು.

ಹೇಳುವುದಿಲ್ಲ ಎಂದೆ. ಆಮೇಲೆ ತೆರೆಯ ಕಡೆ ಕೈ ತೋರಿಸಿ, ಇದೇನು ಕಥೆ ಎಂದು ಕೇಳಿದೆ. ಅತ್ತೆಯ ಮುಖ ಅರಳಿತು. ಆ ತಲೆ ಹಿಡಿದು ಕೂತವನು ಹಿರಿಯವಳ ಬಿಟ್ಟುಹೋದ ಗಂಡನಂತೆ, ಈಗ ವೇಷ ಮರೆಸಿಕೊಂಡು ಬಂದಿದ್ದಾನಂತೆ, ಕಿರಿಯವಳಿಗೆ ಅದು ಗೊತ್ತಂತೆ. ನಾನು ಸೌಂಡ್ ಏರಿಸಿ ಕೇಳಿದೆ. ಅವನು ಮನೆ ಬಾಡಿಗೆಗೆ ಕೊಡಿಸುವ ದಲ್ಲಾಳಿ. ಜಗಳ ನಲ್ಲಿ ನೀರಿನದು. ಅತ್ತೆಯ ಕಥೆಯೇ ಎಷ್ಟೋ ಪಾಲು ಚೆನ್ನಾಗಿತ್ತು.

ನೆಟ್ಟಿನ ವಿಷಯ ನೆನಪಾದದ್ದು ಹಾಲಿಗೆ ವಾಪಸು ಬಂದ ಮೇಲೆಯೇ.

ಮಂಗಳವಾರ, ಮಾರ್ಚ್ ೧೨

ಒಂದು ಸಲ ಕಂಡದ್ದು ಸಾಕ್ಷಿಯಲ್ಲ, ಕಾಕತಾಳೀಯವೂ ಇರಬಹುದು. ಮತ್ತೆ ಮತ್ತೆ ಮಾಡಿ ನೋಡಬೇಕು. ಬೆಳಗಿನ ತಿಂಡಿಯಾದ ಮೇಲೆ ಅತ್ತೆಯನ್ನು ಕೋಣೆಯ ಬಾಗಿಲಲ್ಲಿ ರಿಮೋಟ್ ಕೊಟ್ಟು ಕೂರಿಸಿದೆ. ನಾನು ಹಾಲಿನಲ್ಲಿ ಕಂಪ್ಯೂಟರಿನ ಮುಂದೆ. ಕೂಗಿ ಪ್ರಯೋಜನವಿಲ್ಲವಾದ್ದರಿಂದ ಕೆಂಪು ಟವೆಲ್ ಹಿಡಿದುಕೊಂಡೆ. ಎತ್ತಿದರೆ ಟಿವಿ ಹಾಕಬೇಕು, ಇಳಿಸಿದರೆ ಆರಿಸಬೇಕು. ಅತ್ತೆ ಯುದ್ಧಕ್ಕೆ ನಿಂತವರ ಹಾಗೆ ರಿಮೋಟನ್ನು ಎರಡು ಕೈಯಲ್ಲಿ ಹಿಡಿದು ಕಾದರು.

ಟವೆಲ್ ಎತ್ತಿದೆ. ಮೂರನೆಯ ದೀಪ ಹತ್ತಿತು, ನೆಟ್ ಹೋಯಿತು. ಟವೆಲ್ ಇಳಿಸಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದೆ. ನೆಟ್ ಬಂತು. ಮತ್ತೆ ಎತ್ತಿದೆ, ಹೋಯಿತು. ಪ್ರತಿ ಸಲವೂ! ಚಹಾ ಕುಡಿಯಲು, ಚಿಕ್ಕ ಮಗನನ್ನು ನೋಡಲು, ಭಾನುವಾರ ದೊಡ್ಡ ಮಗನ ಜೊತೆ ಕೂರಲು ಅತ್ತೆ ಟಿವಿ ಆರಿಸಿ ಬಂದಾಗೆಲ್ಲ ನನ್ನ ನೆಟ್ ಸರಿಹೋಗಿತ್ತು. ಮೀಸೆಯೂ ಕಾರಣವಲ್ಲ, ಎಂಜಿನಿಯರಿಕೆಯೂ ಕಾರಣವಲ್ಲ.

ಅಷ್ಟರಲ್ಲಿ ಡ್ಯೂಟಿ ಮುಗಿಸಿ ಯಜಮಾನರು ಬಂದರು. ಹೆಂಡತಿ ಸ್ಟೂಲಿನ ಪಕ್ಕ ನಿಂತು ಟವೆಲ್ ಬೀಸುತ್ತಿದ್ದಾಳೆ, ತಾಯಿ ಹೊಸ್ತಿಲಲ್ಲಿ ಕೂತು ರಿಮೋಟ್ ಒತ್ತುತ್ತಿದ್ದಾರೆ.

“ಏನ್ರೇ ಇದು ನಾಟಕ? ಟವೆಲ್ ಯಾಕೆ, ಕೂಗಿದ್ರೆ ಆಗಲ್ವಾ?”

ನಾನು ತುಟಿ ಬಿಚ್ಚಲಿಲ್ಲ. ಮಗ ಟವೆಲಿನ ಕಡೆ ಕೈ ತೋರಿಸಿದ್ದು ಅತ್ತೆಗೆ ಕಂಡಿತು. ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ತಾವೇ ಹೇಳಿದರು.

“ನನಗೆ ಕಿವಿ ಕೇಳಿಸಲ್ಲ ಕಣೋ. ಅದಕ್ಕೇ ಟವೆಲ್. ಸುಮ್ನೆ ದಾರಿಗೆ ಅಡ್ಡ ನಿಲ್ಬೇಡ, ನಮಗೆ ಕೆಲಸ ಇದೆ.”

ಇವರು ಚಪ್ಪಲಿಯನ್ನೂ ಬಿಡದೆ ಅಲ್ಲೇ ಕೂತುಬಿಟ್ಟರು. ಆಮೇಲೆ ಎದ್ದು ಹೋಗಿ ತಾಯಿಯ ಎದುರಿಗೆ ಕೂತು, ಒಂದೊಂದೇ ಮಾತು ಬಿಡಿಸಿ ಬಿಡಿಸಿ ಏನೋ ಹೇಳಿದರು. ನಾನು ಕೇಳಿಸಿಕೊಳ್ಳಲಿಲ್ಲ, ಅಡುಗೆಮನೆಗೆ ಹೋದೆ.

ಊಟಕ್ಕೆ ಕೂತಾಗ ಎಲ್ಲರಿಗೂ ಪರಿಹಾರ ಹೊಳೆದಿತ್ತು. “ಶನಿವಾರ ಟಿವಿ ಹಾಕದಿದ್ರೆ ಆಯ್ತಲ್ಲ?” ಎಂದರು ಇವರು. ಅತ್ತೆಯೂ ತಲೆಯಾಡಿಸಿ, “ನಿನ್ನ ಕೆಲಸ ಇದ್ದಾಗೆಲ್ಲ ನಾನು ಆರಿಸ್ತೀನಿ ಬಿಡು. ಅದೇನು ದೊಡ್ಡದು” ಎಂದರು.

ದೊಡ್ಡದೇ. ಅವರಿಗೆ ಇರುವುದು ಅದೊಂದು ಟಿವಿ. ಅದರ ಬಾಯಿ ಮುಚ್ಚಿಸಿ ನಾನು ಕಿವಿ ಕೇಳದವರಿಗಾಗಿ ಟೈಪ್ ಮಾಡುತ್ತೇನಂತೆ!

“ಬೇಡ ಅತ್ತೆ. ಶನಿವಾರವೂ ಟಿವಿ ಇರುತ್ತೆ, ನೆಟ್ಟೂ ಇರುತ್ತೆ. ಅದ್ಯಾಕೆ ಒಂದಕ್ಕೊಂದು ಆಗಲ್ವೋ ನೋಡೇಬಿಡ್ತೀನಿ” ಎಂದೆ. ಯಜಮಾನರು ನನ್ನನ್ನು ಹೊಸಬಳನ್ನು ನೋಡುವ ಹಾಗೆ ನೋಡಿದರು. ಮೂಗಿನ ಮೇಲೆ ಏನಾದರೂ ಅಂಟಿತ್ತೋ ಏನೋ.

ಬುಧವಾರ, ಮಾರ್ಚ್ ೧೩

ಗೆದ್ದೆ! ಗೆದ್ದೆ! ಗೆದ್ದೆ!

ಈಗ ಕ್ರಮವಾಗಿ.

ಮೈದುನ ‘ತಲೆ ತಿನ್ನುತ್ತೆ’ ಎಂದು ಬಂದ್ ಮಾಡಿದ್ದ ಸೂಚನೆ ನೆನಪಾಯಿತು. ಸಾಕ್ಷಿಯ ಬಾಯಿಗೆ ಬಟ್ಟೆ ತುರುಕಿಟ್ಟು, ಸಾಕ್ಷಿ ಮಾತಾಡುತ್ತಿಲ್ಲ ಎಂದು ಒದ್ದಾಡುತ್ತಿದ್ದೆವಲ್ಲ! ಹುಡುಕಿ ಹುಡುಕಿ ಅದನ್ನು ಮತ್ತೆ ಶುರು ಮಾಡಿದೆ. ಅತ್ತೆಗೆ ಟವೆಲ್ ಎತ್ತಿದೆ. ಮೂರನೆಯ ದೀಪ ಹತ್ತಿದ ಕೂಡಲೇ ತೆರೆಯ ಮೂಲೆಯಲ್ಲಿ ಒಂದು ಚೀಟಿ ತೇಲಿ ಬಂತು: ಈ ನೆಟ್‌ವರ್ಕಿನಲ್ಲಿರುವ ಇನ್ನೊಂದು ಯಂತ್ರಕ್ಕೂ ಇದೇ ಐಪಿ ವಿಳಾಸ ಇದೆ.

ಅಷ್ಟೇ. ರೌಟರಿಗೆ ಸೇರಿದ ಒಂದೊಂದು ಯಂತ್ರಕ್ಕೂ ಒಂದೊಂದು ನಂಬರು ಬೇಕಂತೆ, ಬೀದಿಯ ಮನೆಗಳಿಗೆ ಇರುವ ಹಾಗೆ. ನನ್ನ ಕಂಪ್ಯೂಟರಿಗೂ ಅತ್ತೆಯ ಟಿವಿಗೂ ಒಂದೇ ಮನೆ ನಂಬರು! ಅಂಚೆಯವನು ಕಾಗದವನ್ನು ಯಾರಿಗೆ ಕೊಟ್ಟಾನು, ಪಾಪ?

ಮೈದುನನಿಗೆ ಫೋನ್ ಮಾಡಿದೆ.

“ಕಂಪ್ಯೂಟರಿಗೆ ನಂಬರ್ ಕೊಟ್ಟಿದ್ದು ಯಾರಪ್ಪ? ನೀನಾ?”

“ಹೂಂ ಅತ್ತಿಗೆ. ಆಗ ಫ್ರೆಂಡ್ಸ್ ಜೊತೆ ಕಾರ್ ರೇಸ್ ಆಡ್ತಿದ್ದೆ. ನಂಬರ್ ಬದಲಾಗ್ತಿದ್ರೆ ಆಟಕ್ಕೆ ತೊಂದರೆ ಅಂತ ಒಂದನ್ನ ಗಟ್ಟಿಯಾಗಿ ಕೂರಿಸಿಬಿಟ್ಟೆ. ಮರೆತೇಹೋಗಿತ್ತು.”

“ಅದನ್ನ ರೌಟರಿಗೆ ಹೇಳಿದ್ಯಾ?”

“ರೌಟರಿಗೆ ಯಾಕೆ ಹೇಳ್ಬೇಕು?”

“ಕಂಪ್ಯೂಟರ್ ಆರಿಸಿದ್ದಾಗ ಅದು ಆ ನಂಬರ್ ಖಾಲಿ ಇದೆ ಅಂತ ಟಿವಿಗೆ ಕೊಟ್ಟಿದೆಯಲ್ಲ, ಅದಕ್ಕೆ!”

“ಓ” ಎಂದ ಎಂಜಿನಿಯರ್. “ನೀವೇನೂ ಮುಟ್ಟಬೇಡಿ ಅತ್ತಿಗೆ. ಭಾನುವಾರ ಬಂದು ನಾನೇ ಸರಿ ಮಾಡ್ತೀನಿ.”

ಭಾನುವಾರವಂತೆ. ನನ್ನ ಪರೀಕ್ಷೆ ಶನಿವಾರ. ಫೋನಿಟ್ಟು ಮುಟ್ಟಿದೆ. ಚೆನ್ನಾಗಿಯೇ ಮುಟ್ಟಿದೆ. ಸೆಟ್ಟಿಂಗಿನೊಳಗೆ ಸೆಟ್ಟಿಂಗು, ಅದರೊಳಗೆ ಇನ್ನೊಂದು. ಕಡೆಗೆ ಅವನು ಕೂರಿಸಿದ್ದ ನಂಬರು ಸಿಕ್ಕಿತು. ಅದರ ಮೇಲೆಯೇ ‘ವಿಳಾಸವನ್ನು ತಾನಾಗಿಯೇ ಪಡೆಯಲಿ’ ಎಂಬ ಸಾಲಿತ್ತು. ಬೆರಳು ಒಂದು ಗಳಿಗೆ ಹಿಂಜರಿಯಿತು. ಕೆಟ್ಟರೆ? ಕೆಟ್ಟರೆ ಮತ್ತೆ ಹಳೆಯ ನಂಬರು ಹಾಕಿದರಾಯಿತು, ಅದನ್ನು ನೋಡಿಟ್ಟುಕೊಂಡಿದ್ದೇನಲ್ಲ. ಒತ್ತಿದೆ.

ರೀಸ್ಟಾರ್ಟ್ ಮಾಡಿ, ಟವೆಲ್ ಎತ್ತಿದೆ. ಮೂರನೆಯ ದೀಪ ಹತ್ತಿತು. ಎರಡನೆಯದೂ ಮಿಟುಕುತ್ತಲೇ ಇತ್ತು. ವಾರ್ತೆಯ ನೇರಪ್ರಸಾರ ಹಾಕಿದೆ, ಓಡಿತು. ಟವೆಲ್ ಇಳಿಸಿದೆ, ಎತ್ತಿದೆ, ಇಳಿಸಿದೆ. ಏನು ಮಾಡಿದರೂ ಓಡುತ್ತಲೇ ಇತ್ತು! ಎರಡೂ ದೀಪಗಳು ಅಕ್ಕಪಕ್ಕದ ಮನೆಯವರ ಹಾಗೆ ಮಾತಾಡಿಕೊಳ್ಳುತ್ತಿದ್ದವು. ನಾನು ಟವೆಲನ್ನು ತಲೆಯ ಮೇಲೆ ಗಿರಗಿರ ತಿರುಗಿಸಿದೆ. ಅತ್ತೆಗೆ ಆ ಸನ್ನೆ ಹೇಳಿಕೊಟ್ಟಿರಲಿಲ್ಲ. ಆದರೂ ಅರ್ಥವಾಗಿ, ರಿಮೋಟ್ ಹಿಡಿದ ಕೈ ಮೇಲೆತ್ತಿಕೊಂಡು ಎದ್ದು ಬಂದರು. ಇಬ್ಬರೂ ಹಾಲಿನ ತುಂಬ ಹುಚ್ಚರ ಹಾಗೆ ಕುಣಿದೆವು.

ಶುಕ್ರವಾರ, ಮಾರ್ಚ್ ೧೫

ಮೇಲಿನ ಮನೆಯಾಕೆಯ ಪ್ರಿಂಟರು ಮುಷ್ಕರ ಹೂಡಿತ್ತಂತೆ. ‘ನಿಮಗೆ ಗೊತ್ತಾಗುತ್ತಂತಲ್ಲ’ ಎಂದು ಕರೆಯಲು ಬಂದಿದ್ದಳು. ಸುದ್ದಿ ಹಬ್ಬಿಸಿದವರು ಯಾರೆಂದು ಕೇಳಬೇಕಿಲ್ಲ. ಇವರು ಡಿಪೋದಲ್ಲೂ ಹೇಳಿಕೊಂಡು ಬಂದಿದ್ದಾರೆ. ಹೋಗಿ ನೋಡಿದೆ. ನೀವು ಕಂಡದ್ದನ್ನು ಮಾತ್ರ ಹೇಳಿ, ಅಂದುಕೊಂಡದ್ದು ಬೇಡ ಎಂದೆ. ಆಕೆ ಸ್ವಲ್ಪ ಹೆದರಿದಳು. ಪ್ರಿಂಟರು ಸರಿಯಾಯಿತು.

ಅತ್ತೆಗೆ ಕಿವಿ ಡಾಕ್ಟರ ಹತ್ತಿರ ಹೋಗೋಣ ಎಂದರೆ, “ಮೊದಲು ನಿನ್ನ ಪರೀಕ್ಷೆ ಆಗ್ಲಿ. ನೀನು ಪಾಸಾದ್ರೆ ನನ್ನ ಪರೀಕ್ಷೆಗೆ ನಾನು ಬರ್ತೀನಿ” ಎಂದು ಪಟ್ಟು ಹಿಡಿದರು. ಎದುರಿಗೆ ನಿಂತು ಕೈಮೇಲೆ ಕೈಯಿಟ್ಟು ಮಾತು ತೆಗೆದುಕೊಂಡಿದ್ದೇನೆ.

ನನ್ನ ಕಂಪ್ಯೂಟರನ್ನು ಮತ್ತೆ ಚಿಕ್ಕ ಕೋಣೆಗೆ ಸಾಗಿಸಿದೆ. ಬೆನ್ನು ಒರೆಸಿ, ಹೊಸ ವೈರು ಸಿಕ್ಕಿಸಿದೆ. ಟಕ್.

ಶನಿವಾರ, ಮಾರ್ಚ್ ೧೬

ಕೆಲಸ ಸಿಕ್ಕಿತು. ಮುಂದಿನ ವಾರದಿಂದಲೇ. ಮೇಲ್ವಿಚಾರಕಿ ಫೋನಿನಲ್ಲಿ, “ಲೈನ್ ಒಂದು ಸಲವೂ ಅಲ್ಲಾಡಲಿಲ್ಲ. ಯಾರನ್ನ ಕರೆಸಿ ಸರಿ ಮಾಡಿಸಿದ್ರಿ?” ಎಂದು ಕೇಳಿದಳು. “ನಾನು ಮತ್ತು ನಮ್ಮತ್ತೆ” ಎಂದೆ. ತಮಾಷೆ ಅಂದುಕೊಂಡು ನಕ್ಕಳು. ಮೈದುನನೂ ಫೋನ್ ಮಾಡಿ, ಅವನ ಅಂಗಡಿಯ ಕಂಪ್ಯೂಟರಿಗೆ ಏನೋ ಆಗಿದೆ, ಬಿಡುವಾದಾಗ ಒಂದು ಸಲ ಬರ್ತೀರಾ ಅತ್ತಿಗೆ ಎಂದ. ನೋಡೋಣ, ಅಲ್ಲಿಯ ತನಕ ಏನೂ ಮುಟ್ಟಬೇಡ ಎಂದಿದ್ದೇನೆ.

ಇದೆಲ್ಲ ಸರಿ. ಆದರೆ ನಾನು ಬರೆದಿಡಬೇಕೆಂದು ಕೂತದ್ದು ಬೇರೆಯದನ್ನು.

ಕಾಗೆಗಳನ್ನು ಕುರಿತು ಒಬ್ಬ ಮುದಿ ಪ್ರೊಫೆಸರರ ಭಾಷಣ, ನೇರಪ್ರಸಾರ. ಶುರುವಾಗುವ ಮುಂಚೆ ಅತ್ತೆಯ ಟಿವಿಯಲ್ಲಿ ಅದೇ ಕಾರ್ಯಕ್ರಮ ಹುಡುಕಿ ಹಾಕಿಕೊಟ್ಟು, ಕೆಳಗೆ ಬರಹ ಕಾಣುವ ಹಾಗೆ ಮಾಡಿದೆ. “ಕೆಳಗೆ ಬರೋದೆಲ್ಲ ನಾನು ಬರೆಯೋದು” ಎಂದು ಮುಖದೆದುರು ಬಿಡಿಸಿ ಹೇಳಿದೆ. ಯಜಮಾನರು ತಾಯಿಯ ಪಕ್ಕ ಮಂಚದ ಮೇಲೆ ಕೂತರು. ಸಮವಸ್ತ್ರ ಇನ್ನೂ ತೆಗೆದಿರಲಿಲ್ಲ. ಎರಡೂ ಕೋಣೆಯ ಬಾಗಿಲು ತೆರೆದಿಟ್ಟು ಬಂದೆ.

ಮೊದಲ ಸಾಲಿನಲ್ಲಿ ಒಂದಕ್ಷರ ತಪ್ಪಿ ತಿದ್ದಿದೆ. ಎರಡನೆಯ ಸಾಲು ಸರಾಗವಾಗಿ ಹೋಯಿತು. ಪ್ರೊಫೆಸರರ ಮಾತು ಹರಿಯುತ್ತಿತ್ತು, ನನ್ನ ಬೆರಳು ಅದರ ಜೊತೆಗೇ ಓಡುತ್ತಿತ್ತು. ಅರ್ಧದ ಹೊತ್ತಿಗೆ, ಮೊದಲ ಸಲ ನೆಟ್ ಹೋದ ಜಾಗಕ್ಕೆ ಬಂದಾಗ, ಕಣ್ಣು ಮೂಲೆಯ ಹಳದಿ ಗುರುತನ್ನು ಹುಡುಕಿತು. ಏನೂ ಆಗಲಿಲ್ಲ. ಪಕ್ಕದ ಕೋಣೆಯಲ್ಲಿ ಟಿವಿ ಓಡುತ್ತಲೇ ಇತ್ತು, ನನ್ನ ನೆಟ್ಟೂ ಓಡುತ್ತಲೇ ಇತ್ತು.

ಆಗ ಪ್ರೊಫೆಸರರು ಹೇಳಿದರು: ಒಂದು ಕಾಗೆ ತಮ್ಮ ಮುಖದ ಗುರುತು ಹಿಡಿದು ವರ್ಷಗಟ್ಟಲೆ ತಲೆಗೆ ಕುಕ್ಕುತ್ತಿತ್ತಂತೆ. ತಪ್ಪಿಸಿಕೊಳ್ಳಲು ಗಡ್ಡ ಬಿಟ್ಟರಂತೆ. ಕಾಗೆಗೆ ಕೂಡಲೇ ಗುರುತು ಸಿಕ್ಕಿತು. ಸಿಗದೆ ಹೋದದ್ದು ಹೆಂಡತಿಗೆ ಮಾತ್ರವಂತೆ!

ಅಲ್ಲಿ ಸಭೆಯೆಲ್ಲ ನಕ್ಕಿತು. ಪಕ್ಕದ ಕೋಣೆಯಲ್ಲಿ ಯಜಮಾನರೂ ನಕ್ಕರು. ನಾನು ಟೈಪ್ ಮಾಡಿ ಮುಗಿಸಿದೆ, ಸಾಲು ಹೋಯಿತು. ಆಮೇಲೆ, ಸಭೆಯ ನಗು ಅಡಗಿ, ಮಗನ ನಗುವೂ ಅಡಗಿ, ಎಲ್ಲ ಸದ್ದಿಲ್ಲದಾದ ಮೇಲೆ, ಅತ್ತೆ ನಕ್ಕರು. ಯಾರ ಮುಖವನ್ನೂ ನೋಡಿ ನಕ್ಕದ್ದಲ್ಲ. ಹೊಟ್ಟೆ ಹಿಡಿದುಕೊಂಡು, ಕೆಮ್ಮು ಬರುವಷ್ಟು, ಒಬ್ಬರೇ ಜೋರಾಗಿ ನಕ್ಕರು.

ನನ್ನ ಕಣ್ಣು ಮಂಜಾಯಿತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಪ್ರೊಫೆಸರರು ಆಗಲೇ ಮುಂದಿನ ಮಾತಿಗೆ ಹೋಗಿದ್ದರು, ಅತ್ತೆ ಅದಕ್ಕೆ ಕಾಯುತ್ತಿದ್ದರು.